ಹಾಳೆ ತಟ್ಟೆಗೊಂದು ಲ್ಯಾಬ್

19 ಆಗಸ್ಟ್ 2025, ಮಂಗಳವಾರ
ಹಿರಿಯಡ್ಕ, ಉಡುಪಿ

ಬೆಳಿಗ್ಗೆಯಿಂದ ಬಿಡದೆ ಮಳೆ. ತುಳು ತಿಂಗಳು ಆಟಿ ಮುಗಿದು ಸೋಣ ಬಂತು, ಮಳೆಗೆ ಮಾತ್ರ ಅದು ಗೊತ್ತಾದ ಹಾಗಿಲ್ಲ. ಅಡಿಕೆ ಹಾಳೆಯ ತಟ್ಟೆ ಒತ್ತುವ ನಮ್ಮ ಶೆಡ್ಡಿನ ನಾಲ್ಕು ಮೆಷಿನ್‌ಗಳಲ್ಲಿ ಎರಡು ನಿಂತಿವೆ. ಮಳೆಗಾಲ ಅಂತ ಅಲ್ಲ, ಬೇಸಿಗೆಯಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದ ಹಾಳೆ ಇನ್ನೂ ರಾಶಿ ಉಂಟು. ಆರ್ಡರ್ ಇಲ್ಲ ಅಷ್ಟೆ.

ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಇಲಾಖೆ ಎಫ್‌ಡಿಎ ಒಂದು ಪತ್ರ ಹೊರಡಿಸಿತಲ್ವಾ, ಅಡಿಕೆ ಹಾಳೆಯ ತಟ್ಟೆ, ಬಟ್ಟಲು, ಚಮಚ ಯಾವುದನ್ನೂ ಊಟಕ್ಕೆ ಬಳಸುವ ಹಾಗಿಲ್ಲ ಅಂತ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ಮತ್ತು ಅದರ ಜಾತಿಯ ಇನ್ನು ಕೆಲವು ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನೋದು ಅವರ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಈ ಮಾತು ನಮ್ಮೂರಲ್ಲಿ ಎತ್ತಿದರೆ ಜಗಳವೇ, ಅದು ಬೇರೆ ವಿಷಯ. ನನ್ನ ಪ್ರಶ್ನೆ ಅಡಿಕೆಯದ್ದಲ್ಲ, ಹಾಳೆಯದ್ದು. ನಾವು ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಡೈಯಲ್ಲಿ (ಅಚ್ಚಿನಲ್ಲಿ) ಒತ್ತುತ್ತೇವೆ. ಆಮೇಲೂ ಅದರಲ್ಲಿ ಏನು ಉಳಿದಿದೆ, ಬಿಸಿ ಸಾರು ಬಡಿಸಿದರೆ ಎಷ್ಟು ಇಳಿಯುತ್ತದೆ, ನೆನೆಸುವ ಕ್ರಮ ಬದಲಿಸಿದರೆ ಅದು ಕಡಿಮೆ ಆಗುತ್ತದಾ? ನಾನು ಸರಕು ಕೊಡುವ ಎಕ್ಸ್‌ಪೋರ್ಟರ್ ಹತ್ತಿರ ಕೇಳಿದರೆ "ನೀವೇ ಏನಾದರೂ ಮಾಡಿ ಮಾರಾಯ್ರೆ" ಅಂದರು.

ಏನಾದರೂ ಮಾಡಲು ದುಡ್ಡು ಬೇಕು, ಅದಕ್ಕೆ ಗ್ರಾಂಟ್ ಹುಡುಕಿದೆ. ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ಗೆ ಕಂಪನಿ ಶುರುವಾಗಿ ಎರಡು ವರ್ಷ ದಾಟಿರಬಾರದು. ನಮ್ಮದು ಸ್ಟಾರ್ಟ್ ಆಗಿ ಒಂಬತ್ತು ವರ್ಷ ಆಯ್ತು, ಅಪ್ ಆಗಲಿಲ್ಲ ಅಷ್ಟೆ. ಕೊನೆಗೆ ನನ್ನಂಥವರಿಗೂ ಬಾಗಿಲು ಇರುವುದು ಸಣ್ಣ ಉದ್ದಿಮೆಗಳ (ಎಂಎಸ್‌ಎಂಇ) ಇಲಾಖೆಯ ಇನ್ನೋವೇಟಿವ್ ಯೋಜನೆಯಲ್ಲಿ ಅಂತ ಗೊತ್ತಾಯಿತು. ಒಂದು ಐಡಿಯಾಗೆ 15 ಲಕ್ಷದವರೆಗೆ ಕೊಡುತ್ತಾರೆ, ಆದರೆ ಹೋಸ್ಟ್ ಇನ್‌ಸ್ಟಿಟ್ಯೂಟ್, ಅಂದರೆ ಇಲಾಖೆ ಒಪ್ಪಿದ ಒಂದು ಸಂಸ್ಥೆಯ ಮೂಲಕವೇ ಹೋಗಬೇಕು. ಹೇಗಾದರೂ ಒಂದು ಲ್ಯಾಬ್ ಬೇಕೇ ಬೇಕು. ತಟ್ಟೆ ಒತ್ತುವವನು ಅರೆಕೋಲಿನ್ ಅಳೆಯುವುದು ಎಲ್ಲಿಂದ?

ಜೂನ್‌ನಲ್ಲಿ ಹನ್ನೊಂದು ಮೇಲ್ ಕಳಿಸಿದೆ. ಸುರತ್ಕಲ್, ಮಣಿಪಾಲ, ನಿಟ್ಟೆ, ಮಂಗಳೂರು, ಕೈಗೆ ಸಿಕ್ಕಿದ ಎಲ್ಲ ಪ್ರೊಫೆಸರ್‌ಗಳಿಗೂ ಒಂದೇ ಮೇಲ್, ಜೊತೆಗೆ ಹದಿನೆಂಟು ಪುಟದ ಪಿಡಿಎಫ್. ಅದರಲ್ಲಿ ನಮ್ಮ ಶೆಡ್ಡಿನ ಉದ್ಘಾಟನೆಯ ಫೋಟೋ ಕೂಡ ಇತ್ತು. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಉತ್ತರ ಬಂದದ್ದು ಎರಡು, ಅದರಲ್ಲಿ ಒಂದು ರಜೆಯಲ್ಲಿದ್ದೇನೆ ಅನ್ನುವ ಆಟೋಮ್ಯಾಟಿಕ್ ಉತ್ತರ.

ಇನ್ನೊಂದು ಉತ್ತರ ಕೊಟ್ಟವರನ್ನು ಹೋಗಿ ನೋಡಿದೆ. ಕಾಲೇಜಿನ ಹೆಸರು ಬೇಡ. ಕಾಫಿ ಕೊಟ್ಟರು, ತುಂಬ ಪ್ರೀತಿಯಿಂದ ಮಾತಾಡಿದರು. ಲೆಟರ್‌ಹೆಡ್‌ನಲ್ಲಿ ಒಪ್ಪಿಗೆ ಪತ್ರ ಇವತ್ತೇ ಕೊಡ್ತೇನೆ, ಬಜೆಟ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟ್‌ಗೆ ಒಂದು ಮೆಷಿನ್ ಹಾಕಿ ಅಂದರು. ಆ ಮೆಷಿನ್ ನನ್ನ ಕೆಲಸಕ್ಕೆ ಬೇಕಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಭುಜ ತಟ್ಟಿ, "ರಿಸಲ್ಟ್ ಬಗ್ಗೆ ತಲೆಬಿಸಿ ಬೇಡ, ಒಳ್ಳೆದೇ ಬರ್ತದೆ" ಅಂದರು. ನಾನು ಎರಡು ದಿನ ಖುಷಿಯಲ್ಲೇ ಇದ್ದೆ. ಮೂರನೇ ದಿನ ರಾತ್ರಿ ನಿದ್ದೆ ಬರದೆ ಹೊರಳುವಾಗ ಹೊಳೆಯಿತು, ಸ್ಯಾಂಪಲ್ಲನ್ನೇ ನೋಡದವರಿಗೆ ರಿಸಲ್ಟ್ ಗೊತ್ತಾದದ್ದು ಹೇಗೆ?

ದಾರಿ ತೋರಿಸಿದ್ದು ತಂಗಿಯ ಮಗ. ಅವನೂ ಪಿಎಚ್‌ಡಿ ಅಂತ ಎಲ್ಲೋ ಒದ್ದಾಡುತ್ತಿದ್ದಾನೆ. "ಮಾಮ, ಕಾಲೇಜಿನ ವೆಬ್‌ಸೈಟ್ ನೋಡಿ ಪ್ರಯೋಜನ ಇಲ್ಲ, ಅಲ್ಲಿ ಎಲ್ಲರೂ ಎಲ್ಲ ಮಾಡ್ತಾರೆ. ಶೋಧಗಂಗಾದಲ್ಲಿ ಥೀಸಿಸ್ ಹುಡುಕಿ, ಗೈಡ್ ಯಾರು ಅಂತ ನೋಡಿ" ಅಂದ. ಅದು ದೇಶದ ಪಿಎಚ್‌ಡಿ ಥೀಸಿಸ್‌ಗಳನ್ನೆಲ್ಲ ಇಡುವ ಜಾಗ, ಯಾರು ಬೇಕಾದರೂ ಸುಮ್ನೆ ಓದಬಹುದು. ಅರೆಕೋಲಿನ್, ಎಚ್‌ಪಿಎಲ್‌ಸಿ (ಇಂಥ ಅಂಶಗಳನ್ನು ಬೇರೆ ಮಾಡಿ ಅಳೆಯುವ ವಿಧಾನ), ಆಲ್ಕಲಾಯ್ಡ್ (ಅರೆಕೋಲಿನ್ ಸೇರುವ ಜಾತಿ) ಅಂತ ಹಾಕಿ ಮೂರು ರಾತ್ರಿ ಕೂತೆ. ಅರ್ಥ ಆದದ್ದು ಕಡಿಮೆ. ಆದರೆ ಇಂಥ ಅಳತೆಯನ್ನು ನಿಜವಾಗಿ ಮಾಡಿದವರು ನಮ್ಮ ಎರಡು ಜಿಲ್ಲೆಯಲ್ಲೇ ಇದ್ದಾರೆ ಅಂತ ಗೊತ್ತಾಯಿತು. ಅವರಲ್ಲಿ ಒಬ್ಬರು ಮೇಡಂಗೆ ನಾಲ್ಕೇ ಸಾಲು ಬರೆದೆ: ನಾನು ತಟ್ಟೆ ಮಾಡುವವನು, ನನ್ನ ಪ್ರಶ್ನೆ ಇದು, ಹಾಳೆ ತಂದು ಕೊಡುತ್ತೇನೆ, ಹತ್ತು ನಿಮಿಷ ಸಿಗಬಹುದಾ? ಮಾರನೇ ದಿನವೇ ಉತ್ತರ ಬಂತು. "ತೊಳೆಯದ ಹಾಳೆ, ನೆನೆಸಿದ ಹಾಳೆ, ತಯಾರಾದ ತಟ್ಟೆ ಮೂರನ್ನೂ ತನ್ನಿ."

ಇವತ್ತು ಹೋಗಿ ಬಂದೆ. ಮಂಗಳೂರಿನಲ್ಲಿ. ಹತ್ತು ನಿಮಿಷ ಅಂದದ್ದು ಎರಡು ಗಂಟೆ ಆಯಿತು.

ಮೇಡಂ ಕಾಫಿ ಕೊಡಲಿಲ್ಲ. ಹಾಳೆಯನ್ನು ಮೂಸಿ ನೋಡಿದರು. ಯಾವ ತೋಟದ್ದು? ಮಂಗಳ ತಳಿಯಾ, ಊರಿನದ್ದಾ? ನೆಲದ ಮೇಲೆ ಎಷ್ಟು ದಿನ ಬಿದ್ದಿತ್ತು? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟವಾ? ನನಗೆ ಇದು ತಲೆಗೇ ಹೋಗಿರಲಿಲ್ಲ. ಬೋರ್ಡೋ ಅಂದರೆ ಮೈಲುತುತ್ತು, ಸುಣ್ಣ. ಗೊನೆಗೆ ಹೊಡೆಯುವಾಗ ಹಾಳೆ ಮೇಲೂ ಬೀಳುತ್ತದೆ. ಹಾಗಾದರೆ ತಾಮ್ರದ ಅಂಶ ಕೂಡ ನೋಡಬೇಕಲ್ಲ ಅಂದರು. ಹೊಸ ಪ್ರಶ್ನೆ, ಹೊಸ ಖರ್ಚು.

ಒಂದೇ ನೀರಲ್ಲಿ ಎಷ್ಟು ಸಲ ನೆನೆಸ್ತೀರಿ ಅಂತ ಕೇಳಿದರು. ಎರಡು ಅಂದೆ. ಅವರು ಬರೆದುಕೊಳ್ಳಲು ಪೆನ್ ತೆಗೆದಾಗ ಮನಸ್ಸು ತಡೆಯಲಿಲ್ಲ, "ನಾಲ್ಕು ಮೇಡಂ" ಅಂದೆ. ಅವರು ನಗಲಿಲ್ಲ. ಅರೆಕೋಲಿನ್ ನೀರಲ್ಲಿ ಕರಗುವಂಥದ್ದು, ಅದೇ ನೀರಿಗೆ ಮತ್ತೆ ಮತ್ತೆ ಹಾಕಿದರೆ ಒಂದು ಹಾಳೆಯದ್ದು ಇನ್ನೊಂದಕ್ಕೆ ಹೋಗಬಹುದಲ್ವಾ ಅಂದರು. ನನ್ನ ಇಡೀ ಹದಿನೆಂಟು ಪುಟದ ಪಿಡಿಎಫ್‌ನಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಳೇ ಟೆಸ್ಟ್ ಸರ್ಟಿಫಿಕೇಟ್ ಜಂಬದಿಂದ ತೋರಿಸಿದೆ. ಐಎಸ್ 9845 ಪ್ರಕಾರ ಮಾಡಿಸಿದ್ದು. "ಇದು ಪ್ಲಾಸ್ಟಿಕ್‌ಗೆ ಮಾಡಿದ ಪದ್ಧತಿ" ಅಂದರು. ನೀರು, ಮೂರು ಪರ್ಸೆಂಟ್ ಅಸಿಟಿಕ್ ಆಸಿಡ್ ಇಂಥದ್ದರಲ್ಲಿ ಮುಳುಗಿಸಿ ಒಟ್ಟು ಎಷ್ಟು ಇಳಿಯಿತು ಅಂತ ತೂಕ ಮಾಡುತ್ತಾರೆ, ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಪಾಸ್. ಇಳಿದದ್ದು ಏನು ಅಂತ ಅದು ಹೇಳುವುದಿಲ್ಲ. ಎಫ್‌ಡಿಎ ಕೇಳುವುದು ಅದನ್ನೇ.

ದುಡ್ಡಿನ ಮಾತು ಬೇಗ ಮುಗಿಯಿತು. ಒಬ್ಬ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕನನ್ನು ಇಟ್ಟುಕೊಂಡರೆ ತಿಂಗಳಿಗೆ 37,000, ವರ್ಷಕ್ಕೆ 4,44,000, ಮನೆ ಬಾಡಿಗೆ ಭತ್ಯೆ ಬೇರೆ. ನನ್ನ ಬಜೆಟ್‌ನಲ್ಲಿ ಆ ಜಾಗದಲ್ಲಿ ಸೊನ್ನೆ ಇತ್ತು, ವಿದ್ಯಾರ್ಥಿಗಳು ಪ್ರಾಜೆಕ್ಟ್ ಅಂತ ಮಾಡಿಕೊಡುತ್ತಾರೆ ಅಂದುಕೊಂಡಿದ್ದೆ. ನೆನೆಸುವ ಕ್ರಮದಲ್ಲಿ ಏನಾದರೂ ಹೊಸದು ಸಿಕ್ಕಿದರೆ ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ, ಆಮೇಲೆ ಪೇಪರ್, ಅಂದರೆ ಸಂಶೋಧನಾ ಲೇಖನ ಅಂತ ಒಪ್ಪಿಕೊಂಡೆವು. ನಮ್ಮಂಥ ಸಣ್ಣವರಿಗೆ ಆನ್‌ಲೈನ್‌ನಲ್ಲಿ ಅದರ ಅರ್ಜಿ ಶುಲ್ಕ 1,600 ರೂಪಾಯಿ, ಪೂರ್ತಿ ಅರ್ಜಿಗೆ 12 ತಿಂಗಳು ಟೈಮ್. ಉಲ್ಟಾ ಮಾಡಿದರೆ, ಅಂದರೆ ಪೇಪರ್ ಮೊದಲು ಬಂದರೆ, ಪೇಟೆಂಟ್ ಕೈ ತಪ್ಪಿದ ಹಾಗೆಯೇ.

ಕೊನೆಗೆ ಮೇಡಂ ಕೇಳಿದರು, "ಜಾಸ್ತಿ ಇಳಿಯುತ್ತದೆ ಅಂತ ಬಂದರೆ? ಆಗಲೂ ನಾನು ಪೇಪರ್ ಹಾಕ್ತೇನೆ. ಎಂಒಯುನಲ್ಲಿ (ಒಪ್ಪಂದ ಪತ್ರದಲ್ಲಿ) ಅದನ್ನು ಬರೆಯಬೇಕು. ಯೋಚನೆ ಮಾಡಿ ಹೇಳಿ."

ಹೂಂ ಅನ್ನಲು ಆಗಲಿಲ್ಲ. ಮುಲ್ಕಿಯಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ಗೋಳಿಬಜೆ ಬಂದದ್ದು ಪ್ಲಾಸ್ಟಿಕ್ ಲೇಪದ ಪೇಪರ್ ತಟ್ಟೆಯಲ್ಲಿ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಶೆಡ್ಡಿನಲ್ಲಿ ಆರು ಜನ ಹೆಂಗಸರು ಕೆಲಸ ಮಾಡುತ್ತಾರೆ, ನಮ್ಮ ತಟ್ಟೆ ಕೆಟ್ಟದ್ದು ಅಂತ ನಾನೇ ದುಡ್ಡು ಕೊಟ್ಟು ಬರೆಸಬೇಕಾ? ಹಾಗಂತ ಆ ಭುಜ ತಟ್ಟಿದವರ ರಿಪೋರ್ಟ್ ಹಿಡಿದುಕೊಂಡು ಹೋದರೆ ಅಮೆರಿಕದವರು ಬಿಡಿ, ಈ ಮೇಡಂ ಕೂಡ ನಂಬುವುದಿಲ್ಲ. ಮತ್ತೆ, ನಮ್ಮ ಮನೆಯ ಪೂಜೆಗೂ ಇದೇ ತಟ್ಟೆಯಲ್ಲೇ ಬಡಿಸುವುದು. ಮಕ್ಕಳು ಉಣ್ಣುವುದು.

ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕಿದೆ, "ಒಪ್ಪಿಗೆ ಮೇಡಂ, ಬರೆಯಿರಿ." ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.

ನಾಳೆ ಬೋರ್ಡೋ ಹೊಡೆದ ಎರಡು ತೋಟ, ಹೊಡೆಯದ ಒಂದು ತೋಟದಿಂದ ತಲಾ ಹತ್ತು ಹಾಳೆ ತರಬೇಕು. ಬೋರ್ಡೋ ಹೊಡೆಯದ ತೋಟ ಯಾರದ್ದು ಅನ್ನೋದೇ ಈಗ ದೊಡ್ಡ ಪ್ರಶ್ನೆ.