ರ‍್ಯಾಂಕ್ ಶೀಟ್, ತಿಂಗಳು 15: ಮಾರುವ ಗೆರೆ ಸರಿಸಿದೆ

ದಾವಣಗೆರೆ, ಸೆಪ್ಟೆಂಬರ್ 2025

ಹೊಸಬರಿಗೆ ಎರಡು ಮಾತು. ಪ್ರತಿ ತಿಂಗಳ ಮೊದಲ ಶನಿವಾರ ಷೇರುಪೇಟೆಯ 500 ದೊಡ್ಡ ಕಂಪನಿಗಳ ಪಟ್ಟಿಯಾದ ನಿಫ್ಟಿ 500ರ ಷೇರುಗಳಿಗೆಲ್ಲ ರ‍್ಯಾಂಕ್ ಹಾಕುತ್ತೇನೆ. ಆರು ತಿಂಗಳ ಏರಿಕೆ, ಹನ್ನೆರಡು ತಿಂಗಳ ಏರಿಕೆ, ಎರಡರ ಸರಾಸರಿ. ತೀರಾ ಈಚಿನ ಒಂದು ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿಢೀರ್ ಜಿಗಿದದ್ದು ಹಾಗೇ ಇಳಿಯೋದು ಜಾಸ್ತಿ. ಮೊದಲ 15 ಷೇರು ಕೊಳ್ಳೋದು, 16ಕ್ಕೆ ಜಾರಿದರೆ ಸೋಮವಾರ ಮಾರೋದು. 2024ರ ಜೂನ್‌ನಿಂದ ಹೀಗೇ ನಡೆದಿತ್ತು.

ತಾಪತ್ರಯ ಇದ್ದದ್ದು ಆ 16ರಲ್ಲೇ.

ಪಂಪ್ ತಯಾರಿಸುವ ಒಂದು ಕಂಪನಿ. 212 ರೂಪಾಯಿಯಂತೆ 150 ಷೇರು ಕೊಂಡಿದ್ದೆ. ಮೇ ಶೀಟ್‌ನಲ್ಲಿ 17ಕ್ಕೆ ಹೋಯಿತು, 248ಕ್ಕೆ ಮಾರಿದೆ. ಜೂನ್ ಶೀಟ್‌ನಲ್ಲಿ 13ಕ್ಕೆ ವಾಪಸ್! 251 ಕೊಟ್ಟು ಮತ್ತೆ ಕೊಂಡೆ. ಲಾಭ 5,400. ವರ್ಷ ತುಂಬದೆ ಮಾರಿದ್ದಕ್ಕೆ ಶೇ 20 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 1,123 ರೂಪಾಯಿ. ಮಾರುವಾಗ ಶೇ 0.1 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಕೊಳ್ಳುವಾಗ ಮತ್ತೆ ಅಷ್ಟೇ, ಜೊತೆಗೆ ಮಾರಿದ ಷೇರು ಡಿಮ್ಯಾಟ್ ಖಾತೆಯಿಂದ ಹೊರಗೆ ಹೋಗುವಾಗ ಹಿಡಿಯುವ ಡಿಪಿ ಚಾರ್ಜ್. ಇಷ್ಟೆಲ್ಲ ಆದಮೇಲೆ ಕೈಯಲ್ಲಿ ಉಳಿದಿದ್ದು ಅದೇ ಪಂಪ್ ಕಂಪನಿ.

ಹಳೇ ಶೀಟ್‌ಗಳ ಪ್ರಿಂಟ್ ಎಲ್ಲ ಇಟ್ಟಿದ್ದೇನೆ. ನಾಲ್ಕು ಸಂಜೆ ಊಟದ ಟೇಬಲ್ ಮೇಲೆ ಹರಡಿಕೊಂಡು ಕೆಂಪು ಪೆನ್ನಲ್ಲಿ ಗುರುತು ಹಾಕಿದೆ. ಮಂಡಕ್ಕಿ ಎಣ್ಣೆ ಅಂಟಿದ ಹಾಳೆಗಳೂ ಇವೆ, ಇರಲಿ. ನಾನು ಒಟ್ಟು 54 ಸಲ ಮಾರಿದ್ದೆ. ಅದರಲ್ಲಿ 17 ಷೇರು ಎರಡು ತಿಂಗಳೊಳಗೆ ಪಟ್ಟಿಗೆ ಮರಳಿದ್ದವು. ಕೊಳ್ಳೋದು 15ರೊಳಗೆ, ಮಾರೋದು 30 ದಾಟಿದ ಮೇಲೆ ಅಂತ ಇಟ್ಟುಕೊಂಡಿದ್ದರೆ 29 ಮಾರಾಟ ಸಾಕಿತ್ತು. 45ರ ತನಕ ಬಿಟ್ಟಿದ್ದರೆ 19.

45 ಆಸೆ ಹುಟ್ಟಿಸಿತು ನಿಜ. ಆದರೆ ಒಂದು ಷೇರು 9ರಿಂದ 41ಕ್ಕೆ ಇಳಿಯಲು ನಾಲ್ಕು ತಿಂಗಳು ತಗೊಂಡಿತ್ತು. ಅಷ್ಟರಲ್ಲಿ ಬೆಲೆ ಶೇ 28 ಕರಗಿತ್ತು. 30ರ ಗೆರೆ ಇದ್ದಿದ್ದರೆ ಎರಡನೇ ತಿಂಗಳಲ್ಲೇ ಹೊರಗೆ ಬರುತ್ತಿದ್ದೆ. ಹಾಗಾಗಿ 30.

ಈಗ ಆಗಸ್ಟ್‌ನ ಎಡವಟ್ಟು. ಒಂದು ಸಣ್ಣ ಕಂಪನಿ 22ಕ್ಕೆ ಜಾರಿತ್ತು. ನಿಯಮದಂತೆ ಸೋಮವಾರ ಮಾರಬೇಕು. ಆದರೆ ವರ್ಷ ತುಂಬಲು ಒಂಬತ್ತೇ ದಿನ. ವರ್ಷ ದಾಟಿದರೆ ತೆರಿಗೆ ಶೇ 12.5, ಅದೂ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಏನೂ ಇಲ್ಲ. ನನ್ನ ಷೇರಿನ ಬೆಲೆ 42,000, ಅದರಲ್ಲಿ ಲಾಭ 11,000. ಕಾದರೆ 2,288 ರೂಪಾಯಿ ಉಳಿಯುತ್ತೆ. ಕಾದೆ. ಗುರುವಾರ ಶೇ 5 ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಬೆಲೆ ಇಳಿಯಬಹುದಾದ ಕೊನೆ ಮಿತಿ. ಕೊಳ್ಳುವವರೇ ಇಲ್ಲ. ಶುಕ್ರವಾರ ಇನ್ನೊಂದು. ಸೋಮವಾರ ಕೊಳ್ಳುವವರು ಕಂಡ ತಕ್ಷಣ ಹೆದರಿ ಮಾರಿಬಿಟ್ಟೆ, 37,905ಕ್ಕೆ. ವರ್ಷ ತುಂಬಲು ಇನ್ನೂ ಎರಡು ದಿನ ಬಾಕಿ! ಅಂದರೆ ಬೆಲೆಯೂ ಹೋಯಿತು, ತೆರಿಗೆಯೂ ತಪ್ಪಲಿಲ್ಲ.

ಚನ್ನಗಿರಿಯ ಭಾವನ ಮನೇಲಿ ರಾಶಿ ಅಡಿಕೆ ಮೂಟೆ ಕಟ್ಟಿ ಇಟ್ಟಿದೆ. ಕೇಳಿದರೆ, “ಹೋದ ವರ್ಷದ ರೇಟ್ ಬರ್ಲಿ ತಡಿಯಪ್ಪ, ಆಮ್ಯಾಲೆ ನೋಡಾನ” ಅಂತಾನೆ. ನಾನು ನಗುತ್ತಿದ್ದೆ. ನನ್ನ ಶೀಟ್‌ನಲ್ಲೂ ‘ಕೊಂಡ ಬೆಲೆ’ ಅಂತ ಒಂದು ಕಾಲಂ ಇತ್ತು, ಮಾರುವ ಮುಂಚೆ ಕಣ್ಣು ಹೋಗುತ್ತಿದ್ದುದು ಅಲ್ಲಿಗೇ. ಆ ಕಾಲಂ, ಕೊಂಡ ತಾರೀಖಿನ ಕಾಲಂ, ಎರಡನ್ನೂ ಅಳಿಸಿದೆ. ತೆರಿಗೆ ಲೆಕ್ಕಕ್ಕೆ ಬ್ರೋಕರ್ ಕೊಡುವ ಪಟ್ಟಿ ಇದ್ದೇ ಇದೆ.

30ರ ಗೆರೆಯಿಂದ ಆಗದ ಕೆಲಸವೂ ಒಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ನಿಫ್ಟಿ (50 ದೊಡ್ಡ ಕಂಪನಿಗಳ ಸೂಚ್ಯಂಕ) 26,200 ದಾಟಿ, ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಸತತ ಐದು ತಿಂಗಳು ಇಳಿಯಿತಲ್ವಾ? ಆಗಲೂ ಯಾವುದೋ ಷೇರು ಮೊದಲ ಸ್ಥಾನದಲ್ಲಿ ಇದ್ದೇ ಇತ್ತು, ಅದೂ ಇಳಿಯುತ್ತಲೇ ಇತ್ತು. ಎಲ್ಲರೂ ಒಟ್ಟಿಗೆ ಇಳಿದರೆ ರ‍್ಯಾಂಕ್ ಬದಲಾಗೋದೇ ಇಲ್ಲ. ಅದಕ್ಕೆ ಸದ್ಯಕ್ಕೆ ಇಷ್ಟೇ: ನಿಫ್ಟಿ ತನ್ನ 200 ದಿನದ ಸರಾಸರಿಗಿಂತ ಕೆಳಗಿದ್ದರೆ ಮಾರಿದ ದುಡ್ಡಲ್ಲಿ ಹೊಸದು ಕೊಳ್ಳೋದಿಲ್ಲ. ಇದನ್ನು ಇನ್ನೂ ಪರೀಕ್ಷೆ ಮಾಡಿಲ್ಲ.

ಈ ಶನಿವಾರದ ಶೀಟ್‌ನಲ್ಲಿ ಮೂರು ಷೇರು ಗೆರೆ ದಾಟಿದ್ದವು: 38, 52, 31. ಆ 31ನ್ನು ನೋಡಿ ಭಾನುವಾರ ಪೂರ್ತಿ ಕೈ ಕೈ ಹಿಸುಕಿಕೊಂಡೆ. ಸೋಮವಾರ ಹತ್ತು ಗಂಟೆಗೆ ಮೂರನ್ನೂ ಮಾರಿದೆ. ಇವತ್ತು ಆ 31ನೆಯದು ನಾನು ಮಾರಿದ ಬೆಲೆಗಿಂತ ನಾಲ್ಕು ರೂಪಾಯಿ ಮೇಲಿದೆ. ಸುಮ್ನೆ ನೋಡಿದೆ ಅಷ್ಟೇ.