ಮೈ ಬ್ಲಡಿ ವ್ಯಾಲೆಂಟೈನ್ ಲೈವ್: ಎಲ್ಲಿ ನಿಲ್ಲಬೇಕು?

ಡಬ್ಲಿನ್‌ನ ಈ ರಾಕ್ ಬ್ಯಾಂಡಿನ ಕಿವಿಗಡಚಿಕ್ಕುವ ಲೈವ್ ಬಗ್ಗೆ ಅಭಿಮಾನಿಗಳದ್ದು ಎರಡು ಬಣ. ಒಬ್ಬರಿಗೆ ಮೈಯೆಲ್ಲ ನಡುಗಿ ಧನ್ಯತೆ, ಇನ್ನೊಬ್ಬರಿಗೆ ಹಾಡೇ ಕೇಳಿಸಲಿಲ್ಲ ಅನ್ನುವ ಬೇಸರ. ಎರಡೂ ನಿಜ. ಮುಂದಿನ ಸಾಲಿನವರಿಗೆ ವೇದಿಕೆಯ ಗಿಟಾರ್ ಆಂಪ್‌ಗಳೇ (ಗಿಟಾರ್ ಸದ್ದು ಹೊರಡಿಸುವ ಪೆಟ್ಟಿಗೆಗಳು) ನೇರ ಬಡಿಯುತ್ತವೆ. ಹಾಡುವವರ ದನಿ ಬರುವ ದೊಡ್ಡ ಸ್ಪೀಕರ್‌ಗಳು ಇರುವುದು ಪಕ್ಕದಲ್ಲಿ, ಎತ್ತರದಲ್ಲಿ. ಮೇಲಾಗಿ 1991ರ ‘ಲವ್‌ಲೆಸ್’ ಆಲ್ಬಮ್‌ನಲ್ಲೇ ದನಿಯನ್ನು ಗಿಟಾರಿನೊಳಗೆ ಹುದುಗಿಸಿದವರು ಇವರು. ಪ್ರೇಕ್ಷಕರ ನಡುವೆ ಸದ್ದು ಹೊಂದಿಸುವ ಸೌಂಡ್ ಮಿಕ್ಸರ್‌ನ ಮುಂದೆ ನಿಲ್ಲಿ, ಹದ ಸಿಗುತ್ತದೆ.

2008ರಲ್ಲಿ ಮತ್ತೆ ಒಂದಾದಾಗ ಇಯರ್‌ಪ್ಲಗ್ ಹಂಚಿದ್ದು ಸುಮ್ಮನೆ ಅಲ್ಲ. ಕಿವಿಗೆ ಹಾನಿಯಾಗದಂತೆ ಕೇಳಲು 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 100ಕ್ಕೆ ಉಳಿಯುವುದು 15 ನಿಮಿಷ. ಕೊನೆಯ ಹಾಡಿನ ನಡುವಿನ ಗದ್ದಲವೊಂದೇ ಕೆಲವು ಸಲ ಅದಕ್ಕಿಂತ ಉದ್ದ!

ಫೋಮ್ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಉಬ್ಬುವ ತನಕ ಅರ್ಧ ನಿಮಿಷ ಒತ್ತಿಹಿಡಿಯಿರಿ. ಫೋಮ್ ಮೇಲಿನ ಸ್ವರಗಳನ್ನು ಹೆಚ್ಚು ನುಂಗುತ್ತದೆ, ದನಿ ಇನ್ನೂ ಮಸುಕಾಗುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್‌ನಲ್ಲಿ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ತಗ್ಗುತ್ತದೆ. ಕಿವಿ ಮುಚ್ಚಿದರೂ ಎದೆಗೂಡಿನ ನಡುಕ ತಪ್ಪುವುದಿಲ್ಲ; ರೆಕಾರ್ಡಿನಲ್ಲಿ ಎಂದೂ ಸಿಗದ ಆ ನಡುಕಕ್ಕಾಗಿ ನಾನಂತೂ ಮೊದಲ ಬಣ.