ಗದಗದಿಂದ ಡ್ರೆಸ್ಡೆನ್‌ಗೆ, ಹೆಗಲಿಗೆ ಇನ್ಸುಲಿನ್ ಚೀಲ

ಬೆಟಗೇರಿಯೊಳಗ ನಮ್ಮ ಮನಿ ಅಡಗಿಮನಿ ಮೂಲ್ಯಾಗ ಒಂದು ದೊಡ್ಡ ಮಣ್ಣಿನ ಗಡಿಗಿ ಐತಿ, ಅದರಾಗ ಉಸುಕು, ಉಸುಕಿನ ನಡುವ ಒಂದು ಸಣ್ಣ ಗಡಿಗಿ, ಆ ಸಣ್ಣ ಗಡಿಗ್ಯಾಗ ನನ್ನ ಇನ್ಸುಲಿನ್. ಅವ್ವ ಮುಂಜಾನೆಕೊಮ್ಮೆ ಸಂಜಿಕೊಮ್ಮೆ ಉಸುಕಿಗೆ ನೀರು ಚಿಮುಕಿಸಿ ಮ್ಯಾಲ ಒದ್ದಿ ಅರಿವಿ ಹೊಚ್ಚತಾಳ. ಹೊಸಾ ಇನ್ಸುಲಿನ್ ಏನಿದ್ರೂ 2ರಿಂದ 8 ಡಿಗ್ರಿಯೊಳಗ ಫ್ರಿಜ್ಜಿನ್ಯಾಗ ಇರಬೇಕು, ಗಡಿಗಿಗೆ ಅಷ್ಟು ಥಂಡಿ ಬರಂಗಿಲ್ಲ ಖರೆ, ಆದ್ರ ದಿನಾ ಬಳಸೂ ಇನ್ಸುಲಿನ್ನು ಏಪ್ರಿಲ್ ಬಿಸಿಲಾಗ ಕೆಡದಂಗ ಇಡಾಕ ಸಾಕು. ಬ್ಯಾಸಗ್ಯಾಗ ಕರೆಂಟ್ ಹೋಗಿ ತಾಸಗಟ್ಟಲೆ ಬರಲಿಲ್ಲಂದ್ರ ನಮ್ಮ ಮನ್ಯಾಗ ಎಲ್ಲಾರೂ ಮೊದ್ಲ ನೋಡೂದು ಆ ಗಡಿಗಿನ್ನ.

ನಂಗ ಟೈಪ್ 1 ಡಯಾಬಿಟಿಸ್. 14ನೇ ವರ್ಷಕ್ಕ ಬಂತು. ಸಕ್ರಿ ಜಾಸ್ತಿ ತಿಂದಿದ್ದಕ್ಕ ಬಂದಿದ್ದಲ್ಲ ಇದು, ನಮ್ಮ ಮೈಯಾಗಿನ ಕಾವಲು ಪಡೆನ ದಾರಿ ತಪ್ಪಿ, ಇನ್ಸುಲಿನ್ ಮಾಡೂ ಜೀವಕೋಶಗಳನ್ನ ಕೊಂದು ಹಾಕತೈತಿ, ಆಮ್ಯಾಲ ಜೀವ ಇರೂತನಕ ಹೊರಗಿಂದ ಇನ್ಸುಲಿನ್ ತಗೋಬೇಕು, ಒಂದು ದಿನಾನೂ ಬಿಡಾಕ ಬರಂಗಿಲ್ಲ. 1922ರ ಜನವರಿಯೊಳಗ ಟೊರಾಂಟೊದಾಗ ಮೊದಲ ಸಲ ಇನ್ಸುಲಿನ್ ತಗೊಂಡ ಲಿಯೊನಾರ್ಡ್ ಥಾಂಪ್ಸನ್ ಅನ್ನೂ ಹುಡುಗಗೂ ಆವಾಗ ಹೆಚ್ಚುಕಡಿಮಿ ಅಷ್ಟ ವಯಸ್ಸು. ಅದಕ್ಕಿಂತ ಮುಂಚೆ ಈ ಜಡ್ಡು ಬಂದ ಮಕ್ಕಳು ಉಳೀತಿರಲಿಲ್ಲ. ಅವನ ಹೆಸರು ಓದಿದಾಗೆಲ್ಲ ನಂಗ ಕಣ್ಣು ತುಂಬಿ ಬರತಾವು.

ಎಂಎಸ್ ಮಾಡಾಕ ಜರ್ಮನಿ, ಡ್ರೆಸ್ಡೆನ್ ಊರಾಗ ಸೀಟು ಸಿಕ್ತು ಅಂದಾಗ ಅಪ್ಪಾರಿಗೆ ಖುಷಿ, ಅವ್ವಗ ಗಾಬರಿ. ಹತ್ತು ವರ್ಷ ಅವ್ವ ಒಂದ ಮಾತು ಹೇಳ್ಕೊಂತ ಬಂದಿದ್ಲು, "ಲಗ್ನ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ." ಲಗ್ನ, ಸೀಮಂತ ಅಂತ ಯಾರರೆ ಮನಿಗೆ ಹೋದ್ರ ಊಟಕ್ಕ ಕುಂಡ್ರೂ ಮುಂಚೆ ನಾ ಬಚ್ಚಲಮನಿಗೆ ಹೋಗಿ ಬಾಗಲಾ ಹಾಕ್ಕೊಂಡು ಇಂಜೆಕ್ಷನ್ ಮಾಡ್ಕೊಂಡು ಬರತಿದ್ದೆ. ಅಲ್ಲೆ ಹೋದ ಮ್ಯಾಲ ಏನ್ ಮಾಡ್ತಿ, ರಾತ್ರಿ ಶುಗರ್ ಇಳದ್ರ ಯಾರು ಎಬ್ಬಸ್ತಾರ, ಅಂತ ಅವ್ವ ಕೇಳಿದ್ಲು. ನನ್ನ ಕಡೆ ಉತ್ತರ ಇರಲಿಲ್ಲ.

ಪ್ಯಾಕಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳತೀನಿ, ಯಾರರೆ ಹೋಗೋರು ಓದ್ತಿದ್ರ ಉಪಯೋಗ ಆಗಲಿ. ನಮ್ಮ ದೇಶದಾಗ ಬಾಟಲಿ ಇನ್ಸುಲಿನ್ ಬಹಳಷ್ಟು ಮಿಲಿಗೆ 40 ಯುನಿಟ್ಟಿಂದು, ಅದಕ್ಕ ಕೆಂಪು ಟೋಪಿಗಿ ಸಿರಿಂಜ್. ಹೊರಗಿನ ದೇಶದಾಗ 100 ಯುನಿಟ್ಟಿಂದು. 100ರ ಇನ್ಸುಲಿನ್ನು 40ರ ಸಿರಿಂಜಿನ್ಯಾಗ ಎಳದ್ರಿ ಅಂದ್ರ ಎರಡೂವರಿ ಪಟ್ಟು ಜಾಸ್ತಿ ಹೋಗತೈತಿ, ಜೀವಕ್ಕ ಕುತ್ತು. ಅದಕ್ಕ ಡಾಕ್ಟರು ಹೋಗೂ ಮೂರು ತಿಂಗಳ ಮುಂಚೆನ ನನ್ನ ಇನ್ಸುಲಿನ್ ಪೆನ್ನಿಗೆ, ಅಂದ್ರ ಪೆನ್ನಿನಂಗಿರೂ ಇಂಜೆಕ್ಷನ್ನಿಗೆ ಬದಲಾಯಿಸಿದ್ರು, ಪೆನ್ನಿನ ಒಳಗ ಹಾಕೂ ಇನ್ಸುಲಿನ್ ಕೊಳವಿ, ಕಾರ್ಟ್ರಿಜ್, ಇಲ್ಲೂ 100, ಅಲ್ಲೂ 100. ಔಷಧದ ಮೂಲ ಹೆಸರು ಹಾಕಿ ಇಂಗ್ಲಿಷಿನ್ಯಾಗ ಒಂದು ಪತ್ರ ಬರದುಕೊಟ್ರು. ಬೇಕಾದಷ್ಟಕ್ಕಿಂತ ಡಬಲ್ ತಗೊಂಡೆ, ಮತ್ತ ಎಲ್ಲಾ ಕೈಚೀಲದಾಗ ಇಟ್ಕೊಂಡೆ, ಯಾಕಂದ್ರ ವಿಮಾನದ ಹೊಟ್ಟಿಯೊಳಗ ಹಾಕೂ ಲಗೇಜಿನ್ಯಾಗ ಇನ್ಸುಲಿನ್ ಗಡ್ಡೆ ಕಟ್ಟಬಹುದು, ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಆಮ್ಯಾಲ ಕರಗಿದ್ರೂ ಅದರ ಮ್ಯಾಲ ಭರೋಸ ಇಡಾಕ ಬರಂಗಿಲ್ಲ. ಈ ಮಾತು ಅವತ್ತು ಓದಿ ಬಿಟ್ಟಿದ್ದೆ, ಜನವರಿಯೊಳಗ ಅದರ ಅರ್ಥ ಆತು, ಮುಂದ ಹೇಳತೀನಿ.

ಅಕ್ಟೋಬರ್ ಮೊದಲ ವಾರ ಹುಬ್ಬಳ್ಳಿಗೆ ಬಂದು ವಿದ್ಯಾನಗರದಾಗ ಅತ್ತಿ ಮನ್ಯಾಗ ಊಟ ಮಾಡಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಸ್ಟೇಷನ್ನಿಗೆ ಹೋದ್ವಿ. ರೈಲು ಬರಾಕ ಇನ್ನೂ ಟೈಮ್ ಇತ್ತು, ಅಪ್ಪಾರು "ಜಗತ್ತಿನ್ಯಾಗ ಎಲ್ಲಾಕಿಂತ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳ್ಯಾಗ ಐತಿ, ನೋಡ್ಕೊಂಡು ಹೋಗವಾ" ಅಂತ ಕರಕೊಂಡು ಹೊಂಟ್ರು. 1507 ಮೀಟರು. ಆ ತುದಿಗೆ ಹೋಗಿ ತಿರುಗಿ ಬಂದ್ರ ಮೂರು ಕಿಲೋಮೀಟರು, ಹೆಗಲಿಗೆ ಚೀಲ ಬ್ಯಾರೆ. ನಾ ಊಟಕ್ಕ ಇನ್ಸುಲಿನ್ ತಗೊಂಡು ಒಂದು ತಾಸು ಆಗಿತ್ತು, ದುಃಖಕ್ಕ ರೊಟ್ಟಿ ಒಂದ ಒಂದು ತಿಂದಿದ್ದೆ, ಎರಡು ತಿಂತೀನಂತ ಲೆಕ್ಕ ಹಿಡದಿದ್ದೆ. ಅರ್ಧ ದಾರ್ಯಾಗ ಕೈ ನಡುಗಾಕ ಹತ್ತಿದ್ವು, ತುಟಿ ಸುತ್ತ ಜುಮುಜುಮು, ಲೈಟು ಒಂದಕ್ಕ ಎರಡು ಕಾಣಾಕ ಹತ್ತಿದ್ವು. ಬೆರಳು ಚುಚ್ಚಿ ನೋಡಿದ್ರ ಶುಗರ್ 58ಕ್ಕ ಇಳದಿತ್ತು. ಅಪ್ಪಾರು ಗಾಬರಿಗೆ ಚೀಲದಾಗಿನ ಧಾರವಾಡ ಪೇಡೆ ಡಬ್ಬಿ ಬಿಚ್ಚಾಕ ಹೋದ್ರು, ನಾ ಬ್ಯಾಡ ಅಂದೆ, ಪೇಡೆದಾಗ ಹಾಲಿನ ಜಿಡ್ಡು ಇರತೈತಿ, ಜಿಡ್ಡು ಇದ್ರ ಸಕ್ರಿ ರಕ್ತಕ್ಕ ಲಗೂನ ಏರಂಗಿಲ್ಲ. ನೀರಿನ ಬಾಟಲಿಗೆ ಗ್ಲೂಕೋಸ್ ಪುಡಿ ಹಾಕ್ಕೊಂಡು ಕುಡದೆ, 15 ಗ್ರಾಂ ಸಕ್ರಿ, 15 ನಿಮಿಷ ಕಾಯೂದು, ಮತ್ತ ನೋಡೂದು, ಇದು ನಮಗ ಬಾಯಿಪಾಠ. ಆ ಹದಿನೈದು ನಿಮಿಷ ಅಪ್ಪಾರು ಕಲ್ಲಿನ ಬೆಂಚಿನ ಮ್ಯಾಲ ನನ್ನ ಕೈ ಹಿಡಕೊಂಡು ಕುಂತಿದ್ರು, ಒಂದ ಮಾತೂ ಆಡಲಿಲ್ಲ. 58 ಹೋಗಿ 91 ಆತು. ರೈಲು ಬಂತು.

ಬೆಂಗಳೂರು ಏರ್‌ಪೋರ್ಟಿನ್ಯಾಗ ತ್ರಾಸ ಆಗಲಿಲ್ಲ, ಪತ್ರ ತೋರಿಸಿದೆ, ಬಿಟ್ರು. ಫ್ರಾಂಕ್‌ಫರ್ಟ್‌ಗೆ ಹತ್ತು ತಾಸಿನ ವಿಮಾನ. ಪಶ್ಚಿಮಕ್ಕ ಹೊಂಟ್ರ ದಿನ ಉದ್ದ ಆಗತೈತಿ, ಅಕ್ಟೋಬರದಾಗ ನಮಗೂ ಅವರಿಗೂ ಮೂರೂವರಿ ತಾಸು ಫರಕು, ಅಂದ್ರ ದಿನಾ ರಾತ್ರಿ ಹತ್ತಕ್ಕ ತಗೊಳ್ಳೂ, ಭಾಳ ತಾಸು ಕೆಲಸ ಮಾಡೂ ಇನ್ಸುಲಿನ್ ಅಲ್ಲೆ ಸಂಜಿ ಆರೂವರಿಗೆ ಬರತೈತಿ. ದಿನಕ್ಕ ಅಷ್ಟಷ್ಟ ಮುಂದ ಸರಿಸ್ಕೊಂತ ಹೋಗು ಅಂತ ನಮ್ಮ ಡಾಕ್ಟರು ಹೇಳಿದ್ರು, ನಿಮ್ಮವರು ನಿಮಗ ಬ್ಯಾರೆ ಹೇಳಬಹುದು, ಕೇಳ್ಕೊಂಡ ಹೋಗ್ರಿ. ಹಂಗ ಸರಿಸಿ ಮುಗಿಸೂದ್ರಾಗ ಅಕ್ಟೋಬರ್ ಕಡೀ ಭಾನುವಾರ ಅವರು ಗಡಿಯಾರನ ಒಂದು ತಾಸು ಹಿಂದ ಇಟ್ರು, ಮತ್ತ ಮೊದಲಿಂದ ಲೆಕ್ಕ.

ಡ್ರೆಸ್ಡೆನ್ ಭಾಳ ಚಂದನ ಊರು. ಎಲ್ಬೆ ನದಿ, ಹಳದಿ ಟ್ರಾಮು, ಯುದ್ಧದಾಗ ಬಿದ್ದು 2005ರಾಗ ಮತ್ತ ಎದ್ದು ನಿಂತ ಫ್ರೌಎನ್‌ಕಿರ್ಶ ಚರ್ಚು, ಅದರ ಗ್ವಾಡ್ಯಾಗ ಹಳೇ ಕರಿ ಕಲ್ಲು ಹೊಸಾ ಬಿಳಿ ಕಲ್ಲಿನ ನಡುವ ಹಂಗ ಕಾಣತಾವು. ಆದ್ರ ನಂಗ ಆ ಊರು ನೆನಪಾಗೂದು ಒಂದು ಅಂಕಿಯಿಂದ. ಮೊದಲ ಸಲ ಅಲ್ಲಿ ದವಾಖಾನಿಗೆ ಹೋದಾಗ ನರ್ಸು ಬೆರಳು ಚುಚ್ಚಿ "5.8" ಅಂದ್ಲು. ನಂಗ ಎದಿ ಧಸಕ್ ಅಂತು, ಐದು ಅಂದ್ರ ಮನುಷಾ ಬದುಕಿರತಾನೇನು ಅಂತ. ಆಮ್ಯಾಲ ತಿಳೀತು, ನಾವು ಮಿಲಿಗ್ರಾಂ ಲೆಕ್ಕದಾಗ ಹೇಳೂದನ್ನ ಅವರು ಮಿಲಿಮೋಲ್ ಲೆಕ್ಕದಾಗ ಹೇಳತಾರ. ವಿಚಿತ್ರ ಅಂದ್ರ ಒಂದ ದೇಶದಾಗ, ಹಳೇ ಪಶ್ಚಿಮ ಜರ್ಮನಿ ಕಡೆ ನಮ್ಮಂಗ ಮಿಲಿಗ್ರಾಂ, ಹಳೇ ಪೂರ್ವ ಜರ್ಮನಿ ಕಡೆ ಮಿಲಿಮೋಲ್, ಬರ್ಲಿನ್ ಗ್ವಾಡಿ ಬಿದ್ದು ಇಷ್ಟು ವರ್ಷ ಆದ್ರೂ. 18ರಿಂದ ಗುಣಿಸಿದ್ರ ನಮ್ಮ ಲೆಕ್ಕ ಬರತೈತಿ, 5.8 ಅಂದ್ರ 104, ಛಲೋ ಐತಿ.

ಅವ್ವಗ ಇದನ್ನ ಫೋನಿನ್ಯಾಗ ಹೇಳಿದೆ. ದಿನಾ ರಾತ್ರಿ ಫೋನ್ ಎತ್ತಿದ ಕೂಡಲೆ "ಊಟಾತೇನು" ಅನ್ನೂಕಿಂತ ಮೊದ್ಲ "ಎಷ್ಟ ಐತಿ" ಅಂತ ಕೇಳಾಕಿ ಅವ್ವ, ನಾ ಏಳು ಅಂದ್ರ ಒಂದು ಘಳಿಗಿ ಸುಮ್ಮಾಗತಿದ್ಲು, ಆಮ್ಯಾಲ "ನೂರಾ ಇಪ್ಪತ್ತಾರು, ಆತು" ಅಂತಿದ್ಲು. ಆರನೇತ್ತಾ ಓದಿದಾಕಿ ಹೆಂಗ ಅಷ್ಟು ಲಗೂ ಲೆಕ್ಕಾ ಮಾಡತಾಳ ಅಂತ ನಂಗ ಸೋಜಿಗ.

ಅಲ್ಲಿ ವ್ಯವಸ್ಥೆ ಬಗ್ಗೆ ಹೇಳಲೇಬೇಕು. ಟ್ರಾವೆಲ್ ಇನ್ಶೂರೆನ್ಸಿನ್ಯಾಗ ಮೊದಲಿಂದ ಇದ್ದ ಜಡ್ಡಿಗೆ ಬಹುತೇಕ ದುಡ್ಡು ಕೊಡಂಗಿಲ್ಲ, ಆದ್ರ 30 ವರ್ಷದೊಳಗಿನ ಸ್ಟೂಡೆಂಟಿಗೆ ಅಲ್ಲಿ ಸರ್ಕಾರಿ ಕಾಯ್ದೆ ಪ್ರಕಾರ ನಡಿಯೂ ವಿಮೆ ಸಿಗತೈತಿ, ನಿಂಗ ಶುಗರ್ ಐತಿ ಅದಕ್ಕ ಬ್ಯಾಡ ಅಂತ ಅವರು ಅನ್ನಂಗಿಲ್ಲ. ಒಂದು ಕಾರ್ಡ್ ಕೊಡತಾರ. ಡಾಕ್ಟರು ಬರದ ಔಷಧ ಆ ಕಾರ್ಡ್ ತೋರಿಸಿದ್ರ ಮೆಡಿಕಲ್ ಶಾಪಿನ್ಯಾಗ ಕೊಡತಾರ, ನಾವು ಕಟ್ಟೂದು ಬೆಲೆಯ 10%, ಕಡಿಮಿ ಅಂದ್ರ 5 ಯುರೋ, ಜಾಸ್ತಿ ಅಂದ್ರ 10 ಯುರೋ. ಮೊದಲ ಸಲ ಮೂರು ತಿಂಗಳಿಗಾಗೂ ಇನ್ಸುಲಿನ್ ಪೊಟ್ಟಣ 10 ಯುರೋಕ್ಕ ಕೈಯಾಗ ಬಂದಾಗ ನಾ ಆ ಅಂಗಡಿ ಹೊರಗ ಕೆಂಪು ಬೋರ್ಡಿನ ಕೆಳಗ ನಿಂತು ಅತ್ತೆ. ಗದಗದಾಗ ಅಪ್ಪಾರು ಹತ್ತು ವರ್ಷ ತಿಂಗಳಾ ತಿಂಗಳಾ ಈ ಔಷಧಕ್ಕ ರೊಕ್ಕ ಹೊಂದಿಸಿದ್ದು ನೋಡೇನಿ, ಕೆಲವು ತಿಂಗಳು ಅಂಗಡಿಯವರ ಕಡೆ ಉದ್ರಿ ಮಾಡಿದ್ದೂ ನೋಡೇನಿ. ಇನ್ಸುಲಿನ್ ಇಲ್ಲದ ಬದುಕಾಕ ಆಗದ ಮಕ್ಕಳಿಗೆ ನಮ್ಮಲ್ಲೂ ಹಿಂಗ ಸಿಗಬೇಕು ಅಂತ ನಾ ಮನಸಾರೆ ಬಯಸತೀನಿ.

ಇನ್ನೊಂದು ಅಂದ್ರ ಮೆಸ್ಸಿನ್ಯಾಗ ಕುಂತಲ್ಲೆ ಅಂಗಿ ಅಷ್ಟ ಸರಿಸಿ ಪೆನ್ನು ಒತ್ತಿದ್ರ ಯಾರೂ ತಿರುಗಿ ನೋಡಲಿಲ್ಲ. ಊಟದ ಲೆಕ್ಕಕ್ಕ ಅವರ ಕಡೆ ಬ್ರೋಟ್‌ಐನ್‌ಹೈಟ್ ಅಂತ ಒಂದು ಅಳತಿ ಐತಿ, ಬ್ರೆಡ್ಡಿನ ಯುನಿಟ್, 12 ಗ್ರಾಂ ಶರ್ಕರಪಿಷ್ಟಕ್ಕ (ಕಾರ್ಬೋಹೈಡ್ರೇಟ್) ಒಂದು. ನಾ ಊರಿಂದ ಒಯ್ದಿದ್ದ ಜ್ವಾಳದ ಹಿಟ್ಟಿಗೆ ಇದನ್ನ ಹಚ್ಚಿದೆ, ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು, ಸುಮಾರು 28 ಗ್ರಾಂ ಶರ್ಕರಪಿಷ್ಟ, ಅಂದ್ರ ಎರಡು ಯುನಿಟ್ಟಿಗೆ ಸ್ವಲ್ಪ ಜಾಸ್ತಿ. ನಮ್ಮ ರೊಟ್ಟಿಗೆ ಹಿಂಗೊಂದು ಅಳತಿ ಸಿಕ್ಕಿದ್ದು ನಂಗ ಭಾಳ ಆಸರಾತು.

ಪಕ್ಕದ ರೂಮಿನ ಹುಡುಗಿಗೆ ಮೊದಲ ವಾರನ ಎಲ್ಲಾ ಹೇಳಿಬಿಟ್ಟೆ. ಊರಾಗ ಹತ್ತು ವರ್ಷ ಮುಚ್ಚಿಟ್ಟಿದ್ದನ್ನ ಪರಿಚಯ ಇಲ್ಲದಾಕಿ ಮುಂದ ಹೇಳೂವಾಗ ಗಂಟಲು ಒಣಗಿತ್ತು. ಜ್ಯೂಸ್ ಎಲ್ಲಿ ಇರತೈತಿ, ಟ್ರೌಬೆನ್‌ತ್ಸುಕರ್ ಅಂದ್ರ ದ್ರಾಕ್ಷಿ ಸಕ್ರಿ ಗುಳಿಗಿ ಎಲ್ಲಿ ಐತಿ, ನೀ ಎಬ್ಬಿಸಿದ್ರೂ ನಾ ಏಳಲಿಲ್ಲಂದ್ರ ಬಾಯಿಗೆ ಏನೂ ಹಾಕದ 112ಕ್ಕ ಫೋನ್ ಮಾಡು ಅಂತ ತೋರಿಸಿದೆ. ಆಕಿ ಒಂದು ಚೀಟಿ ಮ್ಯಾಲ ಬರಕೊಂಡು ಅಡಗಿಮನಿ ಬಾಗಲಿಗೆ ಅಂಟಿಸಿದ್ಲು, ಆಮ್ಯಾಲ ಚಾ ಮಾಡಾಕ ಹೋದ್ಲು.

ಜನವರಿಯೊಳಗ ಒಂದು ಭಾನುವಾರ. ಹೊರಗ ಮೈನಸ್ 9. ಶನಿವಾರ ಮಧ್ಯಾಹ್ನದಿಂದ ಶುಗರ್ ಏರಿದ್ದು ಇಳೀವಲ್ದು, 14, 17, ಇನ್ಸುಲಿನ್ ತಗೋತೀನಿ, ಮತ್ತ 19, ಪೆನ್ನಿನ ಸೂಜಿ ಬದಲಾಯಿಸಿದೆ, ಜಾಗಾ ಬದಲಾಯಿಸಿದೆ, ಭಾನುವಾರ ಮುಂಜಾನೆ 22. ಬಾಯಿ ಒಣಗಿ ಕಟ್ಟಗಿ ಆಗಿತ್ತು, ಹೊಟ್ಟಿ ತೊಳಸತಿತ್ತು. ಅವ್ವಗ ಫೋನ್ ಹಚ್ಚಿದೆ. "ಇಪ್ಪತ್ತೆರಡು" ಅಂದೆ. "ಮುನ್ನೂರಾ ತೊಂಬತ್ತಾರು" ಅಂದ್ಲು, ಧ್ವನಿ ಸಣ್ಣಗಾತು, ಆದ್ರ ಅಳಲಿಲ್ಲ. "ಔಷಧ ಎಲ್ಲೆ ಇಟ್ಟಿದ್ದಿ?" "ಫ್ರಿಜ್ಜಿನ್ಯಾಗ." "ಫ್ರಿಜ್ಜಿನ್ಯಾಗ ಎಲ್ಲೆ, ಬಾಗಲದಾಗೋ ಒಳಗೋ?" ಹೋಗಿ ನೋಡಿದೆ. ನಮ್ಮದು ಸೊಂಟದ ಮಟ್ಟದ ಸಣ್ಣ ಫ್ರಿಜ್ಜು, ಯಾರೋ ದೊಡ್ಡ ಪಾತ್ರೆ ಇಡಾಕಂತ ನನ್ನ ಡಬ್ಬಿ ಹಿಂದಕ ಸರಿಸಿದ್ರು, ಡಬ್ಬಿ ಹಿಂದಿನ ಗ್ವಾಡಿಗೆ ಹತ್ಕೊಂಡು ಕುಂತಿತ್ತು, ರಟ್ಟಿನ ಮ್ಯಾಲ ಐಸಿನ ಪದರ. ಒಂದು ಕಾರ್ಟ್ರಿಜ್ ತಗದು ಅಲುಗಾಡಿಸಿದೆ, ಒಳಗಿನ ನೀರು ಅಲುಗಾಡಲಿಲ್ಲ. ಶನಿವಾರ ಪೆನ್ನಿಗೆ ಹಾಕ್ಕೊಂಡಿದ್ದೂ ಅದ ಡಬ್ಬಿದು, ಕರಗಿ ತಿಳಿಯಾಗಿತ್ತು, ನೋಡಾಕ ಏನೂ ಫರಕು ಇರಲಿಲ್ಲ. ಬಿಸಿಲಿಗೆ ಅಂಜಿ ಗಡಿಗಿಗೆ ನೀರು ಹೊಡ್ಕೊಂತ ಬೆಳದಾಕಿ ನಾ, ಥಂಡಿಗೂ ಅಂಜಬೇಕು ಅಂತ ಮೈಗೆ ಗೊತ್ತಿರಲಿಲ್ಲ.

ಭಾನುವಾರ ಅಲ್ಲಿ ಎಲ್ಲಾ ಬಂದ್, ಆದ್ರ ಪಾಳಿ ಮ್ಯಾಲ ಒಂದೆರಡು ಮೆಡಿಕಲ್ ತೆರದಿರತಾವು, ರಜಾ ದಿನ ಡಾಕ್ಟರು ಬೇಕಂದ್ರ 116117 ಅಂತ ನಂಬರ್ ಐತಿ. ಪಕ್ಕದ ರೂಮಿನಾಕಿ ಫೋನ್ ಮಾಡಿ ಜರ್ಮನ್ನಿನ್ಯಾಗ ಎಲ್ಲಾ ಹೇಳಿ, ನಂಗ ತನ್ನ ಕೋಟು ಹೊಚ್ಚಿ ಟ್ರಾಮಿನ್ಯಾಗ ಕರಕೊಂಡು ಹೋದ್ಲು. ಕೀಟೋನ್, ಅಂದ್ರ ಇನ್ಸುಲಿನ್ ಸಾಲದಾದಾಗ ರಕ್ತದಾಗ ಸೇರೂ ಆಮ್ಲ, ಎಷ್ಟೈತಿ ನೋಡಿದ್ರು, ಏರಾಕ ಶುರು ಆಗಿತ್ತು, ಹೊಸಾ ಇನ್ಸುಲಿನ್ ಕೊಟ್ರು, ನೀರು ಕುಡಿಸಿದ್ರು, ಸಂಜಿತನಕ ಅಲ್ಲೆ ಕುಂಡ್ರಿಸ್ಕೊಂಡ್ರು. ರಾತ್ರಿ ಎಂಟಕ್ಕ 9.5. ಗದಗದಾಗ ಆವಾಗ ಹನ್ನೆರಡೂವರಿ, ಒಂದ ರಿಂಗಿಗೆ ಅವ್ವ ಫೋನ್ ಎತ್ತಿದ್ಲು.

ಅವತ್ತಿಂದ ಇನ್ಸುಲಿನ್ ಡಬ್ಬಿ ಫ್ರಿಜ್ಜಿನ ಬಾಗಲದಾಗ, ಹೊರಗ ಹೊಂಟ್ರ ಪೆನ್ನು ಕೋಟಿನ ಮ್ಯಾಲಿನ ಕಿಸೆದಾಗಲ್ಲ, ಒಳಗ ಮೈಗೆ ಹತ್ತಿದ ಕಿಸೆದಾಗ. ಗ್ಲೂಕೋಮೀಟರೂ ಹಂಗ, ಥಂಡಿ ಜಾಸ್ತಿ ಆದ್ರ ಅದು ನಂಬರ್ ತೋರಸಂಗಿಲ್ಲ.

ಏಪ್ರಿಲ್‌ಕ್ಕ ಎರಡು ವಾರ ರಜಾ ಸಿಕ್ತು, ಊರಿಗೆ ಬಂದೆ. ಅಡಗಿಮನ್ಯಾಗ ಗಡಿಗಿ ಮ್ಯಾಲ ಒದ್ದಿ ಅರಿವಿ, ಅದರ ಮ್ಯಾಲಿನ ಗ್ವಾಡಿಗೆ ಶಾಬಾದಿಮಠದ ಕ್ಯಾಲೆಂಡರು. ತಿಂಗಳಿನ ಹಾಳಿ ಎತ್ತಿ ನೋಡಿದ್ರ ಹಿಂದ ಬಾಲ್‌ಪೆನ್ನಿನ್ಯಾಗ ಅವ್ವನ ದೊಡ್ಡ ದೊಡ್ಡ ಅಕ್ಷರ, ಹದಿನೆಂಟೊಂದ್ಲೆ ಹದಿನೆಂಟು, ಹದಿನೆಂಟೆರಡ್ಲೆ ಮೂವತ್ತಾರು, ಹಂಗ ಇಪ್ಪತ್ತೈದರ ತನಕ. ಇಪ್ಪತ್ತೆರಡರ ಸಾಲಿನ ಕೆಳಗ ಗೆರಿ ಹೊಡದಿದ್ಲು.

ಮರುದಿನ ಓಣ್ಯಾಗಿನ ಒಬ್ಬಾಕಿ ತನ್ನ ಮಗನ್ನ ಕರಕೊಂಡು ಬಂದ್ಲು, ಒಂಬತ್ತು ವರ್ಷದ ಹುಡುಗ, ಎರಡು ತಿಂಗಳ ಹಿಂದ ಟೈಪ್ 1 ಅಂತ ಗೊತ್ತಾಗೈತಿ. ಬಾ ಅಂತ ಹೇಳಿ ಕಳಿಸಿದ್ದು ನಮ್ಮವ್ವನ. ಆ ತಾಯಿ ಬಾಗಲದಾಗ ನಿಂತು ಸೆರಗು ಬಾಯಿಗೆ ಹಿಡಕೊಂಡು ಅಳಾಕ ಹತ್ತಿದ್ಲು, ಅವ್ವ ಆಕಿನ್ನ ಒಳಗ ಕರದು ಗಡಿಗಿ ತೋರಿಸಿದ್ಲು, ಉಸುಕು ಯಾವುದು ಹಾಕಬೇಕು, ನೀರು ಎಷ್ಟು ಹೊಡೀಬೇಕು, ಎಲ್ಲಾ. ಹುಡುಗ ನಾ ತಂದಿದ್ದ ಪೇಡೆ ಡಬ್ಬಿ ನೋಡ್ಕೊಂತ ನನ್ನ ಕಡೆ ಸರದು ಮೆಲ್ಲಕ ಕೇಳಿದ, "ಅಕ್ಕಾ, ನಾ ಇನ್ನ ಪೇಡೆ ತಿನ್ನಂಗಿಲ್ಲೇನು?"

"ತಿನ್ನಬಹುದೋ ತಮ್ಮಾ, ಲೆಕ್ಕ ಹಿಡದು, ಅದಕ್ಕ ತಕ್ಕಷ್ಟು ಇನ್ಸುಲಿನ್ ತಗೊಂಡು" ಅಂತ ನಾ ಅನ್ನೂದ್ರಾಗ ಅವ್ವ ಮಾಡದಿಂದ ಹಿಟ್ಟು ತೂಗೂ ಸಣ್ಣ ತಕ್ಕಡಿ ತಗದು, ಸೆರಗಿಲೆ ಒರಸಿ, ಅವನ ಮುಂದ ಇಟ್ಲು.